ಬಾಳೆಸುಳಿಯೋ, ಎಕ್ಕದೆಲೆಯೋ?

ಮಾನ್ಯ ಸಂಪಾದಕರೇ,

ದೀಪಾವಳಿ ಹತ್ತಿರ ಬಂತೆಂದರೆ ನಿಮ್ಮ ಪುರವಣಿಯಲ್ಲಿ ಮನೆಗೆ ಸುಣ್ಣ-ಬಣ್ಣ ಮಾಡಿಸುವ ಬಗ್ಗೆ ಬರಹ ಬಂದೇ ಬರುತ್ತದೆ. ಕಳೆದ ಭಾನುವಾರದ್ದನ್ನೂ ಓದಿದೆ. ಒಳಗೋಡೆಗೆ ತಿಳಿಹಸಿರು ಹಿತ, ಶೇಡ್ ಕಾರ್ಡ್ ನೋಡಿ ಮನಸ್ಸಿಗೆ ಒಪ್ಪಿದ್ದನ್ನು ಆರಿಸಿಕೊಳ್ಳಿ ಎಂದಿದ್ದರು. ಆ ಎರಡನೇ ಮಾತಿಗೆ ನನ್ನ ತಕರಾರಿದೆ. ಕಾರ್ಡ್ ನೋಡಿ ಆರಿಸಿ ಒಮ್ಮೆ ಕೆಟ್ಟವಳು ನಾನು. ಈ ವರ್ಷ ಗೋಡೆಯ ಮೇಲೇ ಹಚ್ಚಿ, ಹನ್ನೊಂದು ದಿನ ನೋಡಿ ಆರಿಸಿದೆ. ಪತ್ರ ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಹಾಕಿ.

ನಾನು ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ 31 ವರ್ಷದಿಂದ ಹೊಲಿಗೆ ಕೆಲಸ ಮಾಡುತ್ತಿದ್ದೇನೆ. ಬ್ಲೌಸು, ಚೂಡಿದಾರ, ಮಕ್ಕಳ ಲಂಗ. ಮದುವೆ ತಿಂಗಳಲ್ಲಿ ರಾತ್ರಿ ಹನ್ನೊಂದಾದರೂ ಮಿಷನ್ ನಿಲ್ಲುವುದಿಲ್ಲ. ಸೀರೆಗೆ ಫಾಲ್, ಬ್ಲೌಸಿಗೆ ಲೈನಿಂಗ್, ಎಲ್ಲಕ್ಕೂ ದಾರ, ಇಷ್ಟನ್ನು ಹೊಂದಿಸಲು ದಿನವೂ ಬಣ್ಣದ ಜೊತೆಗೇ ಕೆಲಸ. ಪೇಟೆಯ ಮ್ಯಾಚಿಂಗ್ ಸೆಂಟರ್‌ಗೆ ಹೋದರೆ ಹಸಿರು ಒಂದರಲ್ಲೇ ಇಪ್ಪತ್ತು ಮೂವತ್ತು ಥಾನು ಇಳಿಸುತ್ತಾರೆ. ಅದನ್ನು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನೋಡಿ ದುಡ್ಡು ಕೊಟ್ಟವಳಲ್ಲ ನಾನು. ಸೀರೆಯನ್ನೂ ಬಟ್ಟೆಯನ್ನೂ ಹಿಡಿದುಕೊಂಡು ಮೆಟ್ಟಿಲಿಗೆ ಬಂದು, ಬಿಸಿಲಿಗೊಮ್ಮೆ ನೆರಳಿಗೊಮ್ಮೆ ಒಡ್ಡಿ ನೋಡುತ್ತೇನೆ. ನಿಮ್ಮ ಮನೆಯ ಹೆಂಗಸರೂ ಹಾಗೇ ಮಾಡುತ್ತಾರೆ. ಅಂಗಡಿಯವರು ಯಾರೂ ಬೇಡ ಅನ್ನುವುದಿಲ್ಲ. ಅರ್ಧ ಮೀಟರ್ ಲೈನಿಂಗ್ ಬಟ್ಟೆಗೆ ಇರುವ ಈ ಅನುಕೂಲ ಇಡೀ ಗೋಡೆಯ ಬಣ್ಣಕ್ಕೆ ಯಾಕೆ ಇಲ್ಲ?

ಐದು ವರ್ಷದ ಹಿಂದೆ ಹೊಲಿಗೆ ಕೋಣೆಗೆ ಹಸಿರು ಹೊಡೆಸಿದೆ. ಹಸಿರೇ ಯಾಕೆ ಎಂಬುದಕ್ಕೆ ಕಾರಣವಿದೆ. ಧಾರೆ ಸೀರೆಯ ಕೆಂಪನ್ನು ಎರಡು ಮೂರು ಗಂಟೆ ಒಂದೇ ಸಮ ನೋಡಿ ತಲೆಯೆತ್ತಿದರೆ ಬಿಳಿ ಗೋಡೆಯ ಮೇಲೆ ಹಸಿರು ಮಚ್ಚೆ ತೇಲುತ್ತದೆ. ಕೆಂಪು ನೋಡಿ ನೋಡಿ ದಣಿದ ಕಣ್ಣು ಅದರ ಎದುರು ಬಣ್ಣವನ್ನು ತಾನೇ ತೋರಿಸುತ್ತದೆ. ರಕ್ತದ ಕೆಂಪನ್ನೇ ನೋಡುತ್ತ ಆಪರೇಷನ್ ಮಾಡುವ ಡಾಕ್ಟರುಗಳಿಗೂ ಇದೇ ತೊಂದರೆ; ಬಿಳಿ ಗೋಡೆ, ಬಿಳಿ ಬಟ್ಟೆಯ ಕಣ್ಣು ಕುಕ್ಕುವ ಹೊಳಪು ತಾಳದೆ 1914ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹ್ಯಾರಿ ಶೆರ್ಮನ್ ಎಂಬ ಸರ್ಜನ್ ತಮ್ಮ ಆಪರೇಷನ್ ಕೋಣೆಯನ್ನು ಹಸಿರು ಮಾಡಿಸಿದರಂತೆ. ಗೋಡೆಯೇ ಹಸಿರಾದರೆ ಆ ಮಚ್ಚೆ ಅದರಲ್ಲೇ ಕರಗುತ್ತದೆ. ನನಗೂ ಅದೇ ಬೇಕಿತ್ತು.

ಇನ್ನೊಂದು ಕಾರಣ ನನ್ನ ತವರಿನದು. ಮಳೆಗಾಲಕ್ಕೆ ಮುಂಚೆ ಅಪ್ಪಯ್ಯ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಸುತ್ತಿದ್ದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಸೂರು ಸಂಸ್ಥಾನದ ಕಾಲದಲ್ಲಿ, 1910ರ ಸುಮಾರಿಗೆ, ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಸಾಹೇಬರು ನಮ್ಮ ಸೀಮೆಯ ತೋಟಗಳಿಗೆ ಕಲಿಸಿಕೊಟ್ಟ ಬೋರ್ಡೋ ದ್ರಾವಣ ಅದು. ಡ್ರಮ್ಮಿನಲ್ಲಿ ಕಲಕುವಾಗ ಕೊಟ್ಟಿಗೆ ಗೋಡೆಗೆ ಸಿಡಿದ ಹನಿಗಳು ಒಣಗಿ, ನೀಲಿಯೂ ಅಲ್ಲದ ಹಸಿರೂ ಅಲ್ಲದ ತಿಳಿಬಣ್ಣವಾಗಿ ವರ್ಷಗಟ್ಟಲೆ ಉಳಿಯುತ್ತಿದ್ದವು. ನಾನು ಮೊದಲು ಕಂಡ ಗೋಡೆಯ ಹಸಿರು ಅದು. ನಮ್ಮ ಅತ್ತೆಯವರಿಗೆ ಮಾತ್ರ ಹಸಿರು ಗೋಡೆ ಎಂದರೆ ಈಗಲೂ ಸರಿ ಬರುವುದಿಲ್ಲ. ಹೊರಗೆ ಕಣ್ಣು ಹಾಯಿಸಿದಲ್ಲೆಲ್ಲ ಹಸಿರೇ ಇರುವಾಗ ಒಳಗೂ ಯಾಕೆ ಎನ್ನುತ್ತಾರೆ. ಅವರ ಮಾತಿನಲ್ಲಿ ನಿಜವಿದೆ. ನಮ್ಮ ಕಡೆ ದೀವರ ಸಮುದಾಯದವರು ಮನೆಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ ನೋಡಿ: ಕೆಮ್ಮಣ್ಣಿನ ಕೆಂಪು, ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಅದರಲ್ಲಿ ಹಸಿರು ಇಲ್ಲ.

ಅವತ್ತು ಅಂಗಡಿಯಲ್ಲಿ ಕಾರ್ಡ್ ಬಿಚ್ಚಿ ಕೊಟ್ಟರು. ನಮ್ಮ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಚೌಕ. ತಲೆಯ ಮೇಲೆ ಬೆಳ್ಳಗಿನ ಟ್ಯೂಬ್‌ಲೈಟು. ಹೊರಗೆ ಜೋರು ಮಳೆ, ಮೆಟ್ಟಿಲಿಗೆ ಹೋಗಲಾಗಲಿಲ್ಲ. ಎಷ್ಟು ತಿಳಿಯಾಗಿದೆ ಎಂದು ಒಪ್ಪಿಕೊಂಡು ನಾಲ್ಕು ಲೀಟರ್ ಮಾಡಿಸಿಕೊಂಡು ಬಂದೆ. ನಾಲ್ಕೂ ಗೋಡೆಗೆ ಎರಡು ಕೋಟ್ ಬಿದ್ದು ಒಣಗಿದ ಮೇಲೆ ಕೋಣೆ ಗಿಣಿಯ ಪಂಜರದಂತೆ ಕಂಡಿತು. ಒಂದು ಗೋಡೆಯ ಬಣ್ಣ ಎದುರು ಗೋಡೆಗೆ ಬಿದ್ದು, ಅಲ್ಲಿಂದ ಮತ್ತೆ ಈ ಗೋಡೆಗೆ ಬಿದ್ದು, ತಿಳಿಯಿದ್ದದ್ದು ಗಾಢವಾಗುತ್ತದೆ. ಉಗುರಗಲದ ಚೌಕದಲ್ಲಿ ಇದು ಕಾಣುವ ಮಾತೇ ಇಲ್ಲ. ವಾಪಸು ತೆಗೆದುಕೊಳ್ಳಿ ಎಂದರೆ ಮಿಷನ್ನಿನಲ್ಲಿ ಬಣ್ಣ ಬೆರೆಸಿದ ಡಬ್ಬಿ ವಾಪಸಿಲ್ಲ ಎಂದರು. ಅವರ ಕಷ್ಟ ಅವರಿಗೆ. ಬೆರೆಸಿದ ಬಣ್ಣವನ್ನು ಅವರಾದರೂ ಯಾರಿಗೆ ಮಾರಬೇಕು? ಆದರೆ ನಷ್ಟ ಆದದ್ದು ನನಗೆ. ಅಳತೆ ಕೊಡಲು ಬಂದ ಮದುವೆ ಹುಡುಗಿಯೊಬ್ಬಳು ಕನ್ನಡಿ ಮುಂದೆ ನಿಂತು, "ಅಕ್ಕಾ, ನನ್ನ ಮುಖ ಯಾಕೆ ಕಾಮಾಲೆ ಬಂದೋರ ಹಾಗೆ ಕಾಣ್ತಿದೆ?" ಎಂದು ಕೇಳಿದಳು. ಆ ಕೋಣೆಯೊಳಗೆ ಕೂತು ಕೆನೆಬಣ್ಣದ ಸೀರೆಗೆ ಹೊಂದಿಸಿದ ಲೈನಿಂಗನ್ನು ಜಗಲಿಗೆ ತಂದು ನೋಡಿದರೆ ಬೇರೆಯೇ ಬಣ್ಣ. ಎರಡು ಬ್ಲೌಸು ಬಿಚ್ಚಿ ಹೊಲಿದುಕೊಟ್ಟೆ. ಹಾಗೇ ಐದು ವರ್ಷ ಕಳೆಯಿತು.

ಈ ಸಲ ಬಣ್ಣ ಬದಲಿಸುವುದೇ ಎಂದು ಗಟ್ಟಿ ಮಾಡಿ, ಕಾರ್ಡಿನ ಅಷ್ಟೂ ಹಸಿರಿನಲ್ಲಿ ಎರಡನ್ನು ಉಳಿಸಿಕೊಂಡೆ. ಅವಕ್ಕೆ ಕಂಪನಿಯವರು ಇಟ್ಟ ಇಂಗ್ಲಿಷ್ ಹೆಸರುಗಳು ನನ್ನ ಬಾಯಲ್ಲಿ ನಿಲ್ಲಲಿಲ್ಲ, ಹೆಸರು ಓದಿದರೆ ಬಣ್ಣವೂ ಹೊಳೆಯುವುದಿಲ್ಲ. ನಾನೇ ಹೆಸರಿಟ್ಟುಕೊಂಡೆ. ಒಂದು ಬಾಳೆಸುಳಿ: ಇನ್ನೂ ಬಿಚ್ಚಿಕೊಳ್ಳದ ಬಾಳೆಎಲೆಯ ಸುರುಳಿಯಲ್ಲಿ ಇರುತ್ತದಲ್ಲ, ಹಳದಿ ಸೇರಿದ ಎಳೆ ಹಸಿರು, ಅದು. ಇನ್ನೊಂದು ಎಕ್ಕದೆಲೆ: ರಥಸಪ್ತಮಿಗೆ ತಲೆ, ಭುಜದ ಮೇಲಿಟ್ಟುಕೊಂಡು ಸ್ನಾನ ಮಾಡುವ ಎಲೆಯ ಮೇಲೆ ಬೂದಿ ಸವರಿದಂತಿರುವ ಬೂದುಹಸಿರು. ಕಾರ್ಡಿನಲ್ಲಿ ಇವು ಅಕ್ಕಪಕ್ಕದ ಮನೆಗಳು. ಬೆಂಗಳೂರಿನಲ್ಲಿರುವ ಮಗನಿಗೆ ಫೋಟೋ ತೆಗೆದು ವಾಟ್ಸಾಪ್ ಮಾಡಿದೆ. "ಎರಡೂ ಒಂದೇ ಅಲ್ವಾ ಅಮ್ಮಾ" ಎಂದ. ಅವನ ತಪ್ಪಲ್ಲ. ಫೋನಿನ ಕ್ಯಾಮೆರಾ ತನಗೆ ತೋಚಿದಂತೆ ಬೆಳಕನ್ನು ಸರಿಪಡಿಸಿಕೊಂಡು ಬಣ್ಣವನ್ನು ತಿದ್ದಿಬಿಡುತ್ತದೆ. ದೂರದಲ್ಲಿರುವ ಮಕ್ಕಳಿಗೆ ಫೋಟೋ ಕಳಿಸಿ ಬಣ್ಣ ಆರಿಸುವವರು ಈಗ ಬಹಳ ಮಂದಿ ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ಎರಡರಲ್ಲೂ ಸ್ವಲ್ಪ ಸ್ವಲ್ಪ ಕೊಡಿ, ಗೋಡೆಗೆ ಹಚ್ಚಿ ನೋಡುತ್ತೇನೆ ಎಂದು ಕೇಳಿದೆ. ಸಣ್ಣ ಸ್ಯಾಂಪಲ್ ಡಬ್ಬಿ ಮಾಡುವ ಕಂಪನಿಗಳಿವೆ, ಆದರೆ ನಾನು ಹೋದ ಎರಡು ಅಂಗಡಿಯಲ್ಲೂ ಅದನ್ನು ಇಡುವುದಿಲ್ಲ ಎಂದರು. ಒಂದು ಲೀಟರಿಗಿಂತ ಕಡಿಮೆ ಬೆರೆಸಿಕೊಡುವುದೂ ಇಲ್ಲವಂತೆ. ಕೊನೆಗೆ ಒಂದೊಂದು ಲೀಟರ್ ಕೊಂಡೆ. ನನ್ನ ಲೆಕ್ಕದಲ್ಲಿ ಅದು ನಾಲ್ಕು ಬ್ಲೌಸಿನ ಮಜೂರಿ. ಒಂದು ಒಳ್ಳೆಯದಾಯಿತು: ಮಿಷನ್ನಿನ ಚೀಟಿ ತೋರಿಸಿ ಎಂದಾಗ ಅಲ್ಲಿದ್ದ ಹುಡುಗ ಬೇಜಾರಿಲ್ಲದೆ ತೋರಿಸಿದ. ಎರಡಕ್ಕೂ ಬೇಸ್, ಅಂದರೆ ಬಣ್ಣ ಬೆರೆಸುವ ಮೂಲ ಪೇಂಟು, ಒಂದೇ. ಒಂದಕ್ಕೆ ಹಳದಿ ಹೆಚ್ಚು; ಇನ್ನೊಂದಕ್ಕೆ ಹಳದಿ ಕಡಿಮೆ ಮಾಡಿ ಕಪ್ಪು ಒಂದು ತೊಟ್ಟು. ಇಷ್ಟೇ ವ್ಯತ್ಯಾಸ.

ನಮ್ಮ ಪೇಂಟರ್ ಎರಡು ಗೋಡೆಯಲ್ಲಿ ಎರಡು ಅಡಿ ಚೌಕವನ್ನು ಉಜ್ಜಿ, ಹಳೆಯ ಹಸಿರು ಇಣುಕದಂತೆ ಬಿಳಿ ಪ್ರೈಮರ್ ಹೊಡೆದು, ಮೇಲೆ ಎರಡು ಕೋಟ್ ಹಾಕಿದರು. ಹಾಕಿದ ಕೂಡಲೇ ನೋಡಬೇಡಿ ಎಂದರು. ಸುಣ್ಣವಾದರೆ ಹಸಿಯಿದ್ದಾಗ ಮಂಕಾಗಿದ್ದು ಒಣಗುತ್ತ ಬೆಳ್ಳಗಾಗುತ್ತದೆ. ಈಗಿನ ಡಬ್ಬಿ ಪೇಂಟು ಎಮಲ್ಷನ್ ತಿರುಗಾಮುರುಗಾ, ಹಸಿಯಿದ್ದಾಗ ಹಾಲು ಬೆರೆಸಿದಂತಿದ್ದು ಒಣಗಿದ ಮೇಲೆ ಗಾಢವಾಗುತ್ತದೆ. ಎರಡು ಬಣ್ಣವನ್ನು ಒತ್ತಿಗೆ ಹಚ್ಚುವುದೂ ಬೇಡ ಎಂದರು. ನಾನು ಹಟ ಮಾಡಿ ಒಂದು ಡ್ರಾಯಿಂಗ್ ಶೀಟಿನ ಮೇಲೆ ಒತ್ತಿಗೇ ಹಚ್ಚಿಸಿದೆ. ಅವರು ಹೇಳಿದ್ದೇ ಸರಿ. ಪಕ್ಕಪಕ್ಕ ಇಟ್ಟಾಗ ಬಾಳೆಸುಳಿ ಹಳದಿಯೇ ಅನ್ನಿಸಿತು, ಎಕ್ಕದೆಲೆ ಧೂಳು ಕೂತ ಗೋಡೆಯಂತಾಯಿತು. ಬೇರೆ ಬೇರೆ ಗೋಡೆಯಲ್ಲಿ ನೋಡಿದರೆ ಎರಡೂ ಚಂದ.

ಇದಕ್ಕೆ ಕಾರಣ ಹೇಳಿದವಳು ನನ್ನ ತಮ್ಮನ ಮಗಳು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಕೆಲಸ ಅವಳಿಗೆ. ಪ್ಯಾರಿಸ್ಸಿನ ಗೋಬ್ಲಾ ಎಂಬ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ಮೇಲ್ವಿಚಾರಕರಾಗಿದ್ದ ಷೆವ್ರಲ್ ಎಂಬ ರಸಾಯನಶಾಸ್ತ್ರಜ್ಞರ ಬಳಿ ನೇಕಾರರು ದೂರು ತಂದರಂತೆ, ಕಪ್ಪು ದಾರ ಸಪ್ಪೆ ಎಂದು. ಪರೀಕ್ಷೆ ಮಾಡಿದರೆ ಬಣ್ಣದಲ್ಲಿ ದೋಷವಿರಲಿಲ್ಲ. ನೀಲಿ, ನೇರಳೆಯ ಪಕ್ಕದಲ್ಲಿ ನೇಯ್ದದ್ದರಿಂದ ಕಪ್ಪು ಸಪ್ಪೆಯಾಗಿ ಕಂಡಿತ್ತು. 1839ರಲ್ಲಿ ಅವರು ಇದನ್ನೇ ವಿಸ್ತಾರವಾಗಿ ಪುಸ್ತಕ ಮಾಡಿದರು. ನೀಲಿ ಸೀರೆಯ ಬಾರ್ಡರಿಗೆ ಕಪ್ಪು ದಾರ ಹಾಕಿ ನಾನೇ ಎಷ್ಟೋ ಸಲ ದಾರದ ಅಂಗಡಿಯವರ ಜೊತೆ ಜಗಳವಾಡಿದ್ದೇನೆ. ಅವರು ಕೊಟ್ಟದ್ದು ಸರಿಯಾದ ಕಪ್ಪೇ ಇದ್ದಿರಬೇಕು.

ಅವಳೇ ಇನ್ನೊಂದು ಹೇಳಿದಳು. ಅವರಲ್ಲಿ ಒಂದು ಬೆಳಕಿನ ಪೆಟ್ಟಿಗೆ ಇರುತ್ತದೆ. ಬಟ್ಟೆಯ ತುಂಡುಗಳನ್ನು ಅದರೊಳಗಿಟ್ಟು ಮೊದಲು ಹಗಲಿನಂಥ ಬೆಳಕು, ಆಮೇಲೆ ಅಂಗಡಿಯ ಟ್ಯೂಬ್‌ಲೈಟಿನಂಥದು, ಆಮೇಲೆ ಹಳೇ ಬಲ್ಬಿನಂಥದು ಹಾಕಿ ನೋಡುತ್ತಾರೆ. ಒಂದು ಬೆಳಕಿನಲ್ಲಿ ಹೊಂದಿದ ಎರಡು ತುಂಡು ಇನ್ನೊಂದರಲ್ಲಿ ಬೇರೆಯಾದರೆ ಮಾಲು ವಾಪಸು. ಮೆಟಾಮೆರಿಸಂ ಎನ್ನುತ್ತಾರಂತೆ. ಹೆಸರು ಗೊತ್ತಿಲ್ಲದಿದ್ದರೂ ಮೆಟ್ಟಿಲಿಗೆ ಬಂದು ಸೀರೆ ನೋಡುವ ನಾವೆಲ್ಲ ಮಾಡುತ್ತಿರುವುದು ಅದೇ ಪರೀಕ್ಷೆ.

ಹಾಗಾಗಿ ನನ್ನ ಕೋಣೆಯನ್ನೇ ಬೆಳಕಿನ ಪೆಟ್ಟಿಗೆ ಮಾಡಿದೆ. ಹನ್ನೆರಡು ಅಡಿಗೆ ಹದಿನಾಲ್ಕು, ಹೆಂಚಿನ ಮಾಡು, ಮೇಲೆ ಎರಡು ಗಾಜಿನ ಹೆಂಚು, ಪಡುವಣಕ್ಕೆ ಒಂದೇ ಕಿಟಕಿ, ಅದರಾಚೆ ಅಡಿಕೆ ತೋಟ. ಬೆಳಿಗ್ಗೆ ಏಳಕ್ಕೆ ಎರಡು ಹಸಿರಿಗೂ ವ್ಯತ್ಯಾಸವೇ ಕಾಣುವುದಿಲ್ಲ. ಮಧ್ಯಾಹ್ನ ಗಾಜಿನ ಹೆಂಚಿನಿಂದ ಬಿಸಿಲಿನ ಕೋಲು ಇಳಿದಾಗ ಎರಡೂ ಬೆಳ್ಳಗೆ. ಸಂಜೆ ನಾಲ್ಕಕ್ಕೆ ಬೇರೆ ಮಾತು. ಬಿಸಿಲು ತೋಟದ ಸೋಗೆಗಳ ಮೂಲಕ ಸೋಸಿ ಬರುತ್ತದೆ, ಬರುವಾಗಲೇ ಹಸಿರು-ಹಳದಿಯಾಗಿರುತ್ತದೆ. ಅದು ಬಾಳೆಸುಳಿಯ ಮೇಲೆ ಬಿದ್ದರೆ ಗೋಡೆ ಹೊತ್ತಿಕೊಂಡಂತಾಗುತ್ತದೆ. ಬಿಳಿ ಬಟ್ಟೆಯೊಂದನ್ನು ಗೋಡೆಗೆ ಒಂದು ಮೊಳ ದೂರ ಹಿಡಿದೆ. ಮಡಿಕೆಯೊಳಗೆಲ್ಲ ಹಸಿರು ಛಾಯೆ ಕೂತಿತು. ಐದು ವರ್ಷ ನನ್ನನ್ನು ಕಾಡಿದ್ದು ಇದೇ ಛಾಯೆ. ಎಕ್ಕದೆಲೆಯ ಮುಂದೆ ಅದೇ ಬಟ್ಟೆ ಹಿಡಿದರೆ ಬಿಳಿ ಬಿಳಿಯಾಗಿಯೇ ಉಳಿಯಿತು.

ನೆಲದ ವಿಷಯ ಯಾರೂ ಹೇಳುವುದಿಲ್ಲ. ನಮ್ಮದು ಕೆಂಪು ಗಾರೆ ನೆಲ, ಉಜ್ಜಿ ಉಜ್ಜಿ ಕನ್ನಡಿಯಾಗಿದೆ. ಅದರ ಮೇಲೆ ಬಿದ್ದ ಬೆಳಕು ಕೆಂಪಾಗಿ ಗೋಡೆಯ ಬುಡಕ್ಕೆ ಹೊಡೆಯುತ್ತದೆ. ನೆಲದಿಂದ ಒಂದೂವರೆ ಅಡಿಯವರೆಗೆ ಹಸಿರು ಮಂಕಾಗುತ್ತದೆ. ಎಕ್ಕದೆಲೆಗೆ ಇಲ್ಲಿ ಹೊಡೆತ ಹೆಚ್ಚು. ಬುಡದಲ್ಲಿ ಹಸಿರು ಸತ್ತು ಬೂದಿಯಷ್ಟೇ ಉಳಿಯುತ್ತದೆ. ಇದೊಂದು ಕಾರಣಕ್ಕೆ ಮೂರು ದಿನ ಮನಸ್ಸು ಬಾಳೆಸುಳಿಯ ಕಡೆಗೇ ವಾಲಿತ್ತು.

ರಾತ್ರಿಯದು ಬಲ್ಬಿನ ಆಟ. ಎಲ್‌ಇಡಿ ಬಲ್ಬಿನ ಪೆಟ್ಟಿಗೆಯ ಮೇಲೆ 6500ಕೆ, 4000ಕೆ, 3000ಕೆ ಎಂದು ಬರೆದಿರುತ್ತದೆ. 6500 ಎಂದರೆ ಹಗಲಿನಂಥ ಬಿಳಿ, ಸ್ವಲ್ಪ ನೀಲಿಯ ಕಡೆಗೆ. 3000 ಎಂದರೆ ಹಳೇ ಬಲ್ಬಿನ ಹಳದಿ. ಹಳದಿ ಬಲ್ಬಿನಡಿ ಎರಡು ಬಣ್ಣಕ್ಕೂ ಅಜಗಜಾಂತರ, ಬಿಳಿಯದರಲ್ಲಿ ಅಷ್ಟಿಲ್ಲ. ಬಲ್ಬು ಬದಲಿಸಿದರೆ ಗೋಡೆಯ ಬಣ್ಣವೂ ಬದಲಾದಂತೆಯೇ, ಆದ್ದರಿಂದ ಬಣ್ಣಕ್ಕಿಂತ ಮುಂಚೆ ಬಲ್ಬು ಯಾವುದೆಂದು ನಿಶ್ಚಯ ಮಾಡಿಕೊಳ್ಳಬೇಕು.

ಎಂಟನೇ ದಿನ ಅತ್ತೆಯವರನ್ನು ಕರೆದು ಕೂರಿಸಿದೆ. ಅವರಿಗೆ 78. ಬಲಗಣ್ಣಿನ ಪೊರೆ ಆಪರೇಷನ್ ಆಗಿದೆ, ಎಡಗಣ್ಣಿನದು ಇನ್ನೂ ಆಗಬೇಕು. ಸುಮ್ಮನೆ ನೋಡುತ್ತ ಕೂತವರು ಸೆರಗಿನಿಂದ ಒಂದು ಕಣ್ಣು ಮುಚ್ಚಿದರು, ಆಮೇಲೆ ಇನ್ನೊಂದು. ಮತ್ತೆ ಮೊದಲನೆಯದು. "ಈ ಕಣ್ಣಿಗೆ ಎರಡೂ ಗೋಡೆ ಹಳದಿ ಕಣೇ. ಈ ಕಣ್ಣಿಗೆ ಒಂದು ಹಸಿರು, ಒಂದು ನೀಲಿ" ಎಂದರು. ನನಗೆ ಮೈ ಜುಮ್ಮೆಂದಿತು. ಪೊರೆ ಬಂದ ಕಣ್ಣಿನ ಮಸೂರ ಹಳದಿ ತಿರುಗಿ ನೀಲಿ ಬೆಳಕನ್ನು ತಡೆಯುತ್ತದೆ, ಹೊಸ ಮಸೂರ ಹಾಕಿದ ಮೇಲೆ ಆ ನೀಲಿ ವಾಪಸು ಬರುತ್ತದೆ ಎಂದು ಆಪರೇಷನ್ ಮಾಡಿದ ಡಾಕ್ಟರು ಹೇಳಿದ್ದರು, ಅದರ ಅರ್ಥ ಅವತ್ತು ತಿಳಿಯಿತು. ಒಂದೇ ಮನೆಯಲ್ಲಿ, ಒಬ್ಬರದೇ ಮುಖದಲ್ಲಿ, ಎರಡು ಹಸಿರು. ವಯಸ್ಸಾದವರ ಕೋಣೆಗೆ ಬಣ್ಣ ಆರಿಸುವಾಗ ಅವರನ್ನೇ ಕೂರಿಸಿ ಕೇಳಬೇಕು. ನಾವು ಕಂಡದ್ದನ್ನು ಅವರೂ ಕಾಣುತ್ತಾರೆ ಎಂದು ತಿಳಿದುಕೊಂಡರೆ ಅವರಿಗೆ ಅನ್ಯಾಯ ಮಾಡಿದಂತೆ. ನಮ್ಮ ಅತ್ತೆಯವರು ಎರಡು ಕಣ್ಣಿಗೂ ಚಂದ ಕಂಡದ್ದು ಬಾಳೆಸುಳಿ ಎಂದರು. ಉಳಿದ ಬಾಳೆಸುಳಿಯನ್ನು ಅವರ ಹಾಸಿಗೆ ಪಕ್ಕದ ಗೋಡೆಗೂಡಿಗೆ ಹೊಡೆಸಿಕೊಟ್ಟಿದ್ದೇನೆ.

ಹನ್ನೊಂದನೇ ದಿನ ಮೋಡ ಮುಚ್ಚಿ ಮಳೆ ಹಿಡಿಯಿತು. ನಮ್ಮ ಸೀಮೆಯಲ್ಲಿ ವರ್ಷಕ್ಕೆ ನಾಲ್ಕೈದು ತಿಂಗಳು ಇದೇ ಬೆಳಕು. ಕಾರ್ಡ್ ನೋಡುವವರಿಗೆ ಈ ಬೆಳಕಿನ ನೆನಪೇ ಇರುವುದಿಲ್ಲ. ಆ ಮಬ್ಬಿನಲ್ಲಿ ಬಾಳೆಸುಳಿ ಕಳೆಗುಂದಿ ಪಾಚಿಯಂತಾಯಿತು. ಎಕ್ಕದೆಲೆ ಹೇಗಿತ್ತೋ ಹಾಗೇ, ತಣ್ಣಗೆ. ಧಾರೆ ಸೀರೆಯೊಂದನ್ನು ತೊಡೆಯ ಮೇಲೆ ಹರಡಿಕೊಂಡು ಒಂದು ಗಂಟೆ ಹೆಮ್ಮಿಂಗ್ ಮಾಡಿ ತಲೆಯೆತ್ತಿ ನೋಡಿದೆ, ಗೋಡೆಯ ಮೇಲೆ ಮಚ್ಚೆ ತೇಲಲಿಲ್ಲ. ಎದ್ದು ಹೋಗಿ ಪೇಂಟರಿಗೆ ಫೋನ್ ಮಾಡಿದೆ. ಗೋಡೆಯ ಬುಡ ಮಂಕಾಗುವುದಕ್ಕೆ ಅವರೇ ಉಪಾಯ ಹೇಳಿದರು: ನೆಲದಿಂದ ಒಂದೂವರೆ ಅಡಿಗೆ ಗಾರೆಯ ಕೆಂಪನ್ನೇ ಪಟ್ಟಿಯಾಗಿ ಹೊಡೆದರಾಯಿತು, ಹಳೇ ಮನೆಗಳಲ್ಲಿ ಇರುತ್ತಿತ್ತಲ್ಲ, ಹಾಗೆ. ಒರೆಸುವ ನೀರು ಸಿಡಿದರೂ ಕಾಣುವುದಿಲ್ಲ. ಹಿರಿಯರು ಆ ಪಟ್ಟಿ ಹೊಡೆಸುತ್ತಿದ್ದುದರ ಇನ್ನೊಂದು ಉಪಯೋಗ ಈಗ ಗೊತ್ತಾಯಿತು.

ಸಂಪಾದಕರೇ, ಇಷ್ಟೆಲ್ಲ ಬರೆದದ್ದು ಬಣ್ಣದ ಅಂಗಡಿಯವರೂ ಕಂಪನಿಯವರೂ ಓದಲಿ ಎಂದು. ಕಾಲು ಲೀಟರ್ ಬೆರೆಸಿಕೊಡಿ. ಪುಕ್ಕಟೆ ಬೇಡ, ಅದಕ್ಕೆಂದೇ ಹೆಚ್ಚು ರೇಟು ಹಾಕಿ, ಕೊಡುತ್ತೇವೆ. ಕಾರ್ಡನ್ನು ಬಾಗಿಲ ಬೆಳಕಿಗೆ ತಂದು ನೋಡಲು ಹೇಳಿ. ಬೀಳುವ ಬೆಳಕಿನಲ್ಲಿ ನೂರಕ್ಕೆ ಎಷ್ಟು ಪಾಲನ್ನು ಆ ಬಣ್ಣ ವಾಪಸು ಕೊಡುತ್ತದೆ ಎಂಬ ಅಂಕಿ ಇರುತ್ತದೆ, ಎಲ್‌ಆರ್‌ವಿ ಎನ್ನುತ್ತಾರೆ. ಅದನ್ನು ಪ್ರತಿ ಚೌಕದ ಕೆಳಗೆ ಅಚ್ಚು ಹಾಕಿ. ನಮ್ಮಂಥ ಕತ್ತಲೆ ಹೆಂಚಿನ ಮನೆಯವರಿಗೆ ಬಣ್ಣದ ಹೆಸರಿಗಿಂತ ಅದು ಮುಖ್ಯ. ಆಗದ ಮಾತೇನಲ್ಲ. ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ಮೀರಬಾರದು ಎಂದು ಸರ್ಕಾರ 2016ರಲ್ಲಿ ನಿಯಮ ಮಾಡಿ, 2017ರ ನವೆಂಬರ್‌ನಿಂದ ಜಾರಿಗೆ ತಂದ ಮೇಲೆ ಡಬ್ಬಿಯ ಮೇಲೆ ಅದನ್ನು ಬರೆಯುತ್ತಿಲ್ಲವೇ? ಇದನ್ನೂ ಬರೆಯಬಹುದು. ಬಣ್ಣಗಳಿಗೆ ಒಂದೆರಡಾದರೂ ನಮ್ಮ ಹೆಸರು ಇಡಿ. ಎಕ್ಕದೆಲೆ ಎಂದರೆ ಸಾಗರದಿಂದ ಬೀದರಿನವರೆಗೆ ಯಾರಿಗೆ ಅರ್ಥವಾಗುವುದಿಲ್ಲ?

ಕೋಣೆ ಮುಗಿದು ಎರಡು ವಾರವಾಯಿತು. ಬಟ್ಟೆಯ ಅಲ್ಮೆರಾ ಹಿಂದೆ ಬಾಳೆಸುಳಿಯ ಆ ಎರಡು ಅಡಿ ಚೌಕವನ್ನು ಹಾಗೇ ಬಿಡಿಸಿದ್ದೇನೆ. ಎರಡೂ ಒಂದೇ, ಯಾವುದಾದರೇನು ಎನ್ನುವ ಅಂಗಡಿಯವರು ಯಾರಾದರೂ ಇದ್ದರೆ ನಮ್ಮ ಮನೆಗೆ ಬರಲಿ. ಅಲ್ಮೆರಾ ಸರಿಸಿ ತೋರಿಸುತ್ತೇನೆ. ಸಂಜೆ ನಾಲ್ಕಕ್ಕೆ ಬಂದರೆ ಚೆನ್ನಾಗಿ ಕಾಣುತ್ತದೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗಳು,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ